ಎರಡೂ ಸುತ್ತಿಗೆ ಒಬ್ಬನೇ

ಕನ್ಸಲ್ಟಿಂಗ್ ಕಂಪನಿಯ ಕೊನೆಯ ಸುತ್ತಿನ ಇಂಟರ್‌ವ್ಯೂನಲ್ಲಿ ನನ್ನೆದುರು ಕೂತಿದ್ದ ಹೆಂಗಸು ನನ್ನನ್ನು ಎಷ್ಟು ಸಲ ತಡೆದರು ಎನ್ನುವುದು ಈಗ ಖಚಿತವಿಲ್ಲ. ಅಪ್ಪನಿಗೆ ಹೇಳುವಾಗ ಕಡಿಮೆ ಮಾಡಿ ಹೇಳಿದೆ, ಗೆಳತಿಗೆ ಹೇಳುವಾಗ ಹೆಚ್ಚು ಮಾಡಿ ಹೇಳಿದೆ. ಹೇಳಿ ಹೇಳಿ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ಬೇರೆ ಮಾಡಲು ಬರುವುದಿಲ್ಲ. ತಡೆದಾಗಲೆಲ್ಲ ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ ಎನ್ನುವುದು ಮಾತ್ರ ನಿಜ. ಅದನ್ನು ಬೇರೆ ರೀತಿ ನೆನಪಿಟ್ಟುಕೊಳ್ಳಲು ನಾನು ಸಾಕಷ್ಟು ಪ್ರಯತ್ನಪಟ್ಟಿದ್ದೇನೆ. ಆಗಿಲ್ಲ.

ಆ ಕೆಲಸ ನನಗೆ ಯಾಕೆ ಬೇಕಾಗಿತ್ತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕಾಶಿಯಲ್ಲಿ ಕನ್ನಡದ ಯಜಮಾನರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವ ಮನೆ. ಯಜಮಾನರು ಎಂದರೆ ಊರಿಂದ ಬರುವ ಮನೆಯವರು, ಯಾರ ಹೆಸರಿನಲ್ಲಿ ಕರ್ಮ ನಡೆಯುತ್ತದೋ ಅವರು. ಅಪ್ಪ ಮಾಡಿಸುತ್ತಿದ್ದರು, ಅದಕ್ಕೂ ಮುಂಚೆ ಅವರ ಅಪ್ಪ. ವಿಶ್ವನಾಥ ಗಲ್ಲಿಯಿಂದ ಒಳಗೆ ತಿರುಗುವ ಸಂದಿಯಲ್ಲಿ, ಕೆಳಗೆ ಬಳೆ ಅಂಗಡಿ, ಮೇಲೆ ನಾವು. ಆ ವರ್ಷ ಅಪ್ಪನ ದನಿ ಒಡೆಯತೊಡಗಿತು. ಗಂಟಲಲ್ಲಿ ಸಣ್ಣ ಗಂಟು, ಅಪಾಯದ್ದಲ್ಲ, ಆದರೆ ಮಾತು ಕಮ್ಮಿ ಮಾಡಲೇಬೇಕು ಎಂದರು ಯೂನಿವರ್ಸಿಟಿ ಆಸ್ಪತ್ರೆಯ ಡಾಕ್ಟರು. ಧಾರವಾಡದವರು. ಕನ್ನಡದಲ್ಲೇ ಬೈದರು, ಹಾಗಾಗಿ ಅಪ್ಪ ಒಪ್ಪಿಕೊಂಡರು.

ಮಾತು ಕಮ್ಮಿ ಮಾಡಿದರೆ ಮಂತ್ರ ಯಾರು ಹೇಳುವುದು? ನಾನೊಬ್ಬನೇ ಮಗ. ಎಂ.ಎ. ಮುಗಿಸಿ ಕೂತಿದ್ದೆ. ಅರ್ಥಶಾಸ್ತ್ರ. ಕನ್ಸಲ್ಟಿಂಗ್ ಎನ್ನುವ ಕೆಲಸದ ಬಗ್ಗೆ ಗೊತ್ತಾದದ್ದೇ ಆ ವರ್ಷ: ದೊಡ್ಡ ದೊಡ್ಡ ಕಂಪನಿಗಳ ತಾಪತ್ರಯ ಕೇಳಿ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುವುದಕ್ಕೆ ಸಂಬಳ ಕೊಡುತ್ತಾರಂತೆ. ಅಪ್ಪನೂ ನಾನೂ ಒಂದು ಮಾತಿಗೆ ಬಂದೆವು. ಪಿತೃಪಕ್ಷ ಶುರುವಾಗುವುದರೊಳಗೆ ಕೆಲಸ ಸಿಕ್ಕಿದರೆ ಹೋಗುವುದು. ಸಿಗದಿದ್ದರೆ ಅವರ ಪಕ್ಕ ಮಣೆ ಹಾಕಿಕೊಂಡು ಕೂರುವುದು. "ಆ ಮೇಲೆ ಎದ್ದು ಹೋಗ್ತೀನಿ ಅಂತ ಹೇಳಬೇಡ. ಯಜಮಾನರಿಗೆ ಮುಖ ಬದಲಾಗಬಾರದು" ಎಂದರು. ಕೂತರೆ ಕೂತ ಹಾಗೇ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಂಕಲ್ಪ ಹೇಳುವಾಗ ನಡುವೆ ಯಾರಾದರೂ ಮಾತಾಡಿದರೆ, ಫೋನ್ ಬಂದರೆ, ದೋಣಿಯವನು ಕೂಗಿದರೆ, ಅಲ್ಲಿಂದ ಮುಂದುವರಿಸುವ ಹಾಗಿಲ್ಲ. ದೇಶ, ಕಾಲ, ಗೋತ್ರ, ಹೆಸರು ಎಲ್ಲ ಮತ್ತೆ ಮೊದಲಿಂದ. ಬೇರೆ ಪುರೋಹಿತರು ಹೀಗೆ ಮಾಡುವುದಿಲ್ಲ. ಅವರು ಒಂದು ಕೈಯಲ್ಲಿ ದರ್ಭೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು "ಹಾಂ, ಪ್ಲಾಟ್‌ಫಾರ್ಮಿನಲ್ಲೇ ಇರಿ, ಆಟೋ ಕಳಿಸ್ತೀನಿ" ಎಂದು, ಬಿಟ್ಟ ಪದದಿಂದಲೇ ಹಿಡಿದುಕೊಳ್ಳುತ್ತಾರೆ. ಘಾಟಿನಲ್ಲಿ ಅಪ್ಪನಿಗೆ "ಶುರೂ ಸೇ ಮಹಾರಾಜ್" ಎಂದೇ ಹೆಸರು, ಮೊದಲಿಂದ ಮಹಾರಾಜ ಎಂದು. ದೋಣಿಯವರು ಬೇಕೆಂದೇ ಕೂಗುತ್ತಿದ್ದರು, "ಮಹಾರಾಜ್, ಶುರೂ ಸೇ!" ಅಪ್ಪ ಸಿಟ್ಟಾಗದೆ ಮೊದಲಿಂದ ಹೇಳುತ್ತಿದ್ದರು. ನನಗೂ ಹಾಗೇ ಕಲಿಸಿದರು. ನಾನು ಅದನ್ನು ಕಲಿತೆ ಎನ್ನುವುದೂ ಸರಿಯಲ್ಲ. ಅದು ನಾಲಿಗೆಗೆ ಹತ್ತಿಕೊಂಡಿತು, ಯಾವ ಭಾಷೆ ಮಾತಾಡಿದರೂ.

ಇಂಟರ್‌ವ್ಯೂಗೆ ನನ್ನ ಜೊತೆ ತಯಾರಿ ಮಾಡಿದವಳು ನನ್ನ ಗೆಳತಿ, ಆ ಧಾರವಾಡದ ಡಾಕ್ಟರ ಮಗಳು. ನನ್ನದೇ ಕ್ಲಾಸು. ಅವಳೂ ಅದೇ ಕಂಪನಿಗೆ ಅರ್ಜಿ ಹಾಕಿದ್ದಳು. ಅಸ್ಸಿ ಘಾಟಿನಲ್ಲಿ ಒಂದು ಚಹಾದಂಗಡಿಯ ಬೆಂಚು ನಮ್ಮ ಜಾಗ. ಕೇಸ್ ಇಂಟರ್‌ವ್ಯೂ ಎಂದರೆ ಹೀಗೆ: ಅವರು ಯಾವುದೋ ಕಂಪನಿಯ ಒಂದು ಕಷ್ಟ ಹೇಳುತ್ತಾರೆ, ನಾವು ಗಟ್ಟಿಯಾಗಿ ಯೋಚಿಸುತ್ತ, ಬೇಕಾದ ಅಂಕಿ ಕೇಳುತ್ತ, ಕೊನೆಗೆ ಒಂದು ಸಲಹೆ ಕೊಡಬೇಕು. ಒಬ್ಬರು ಕಷ್ಟ ಹೇಳುವುದು, ಇನ್ನೊಬ್ಬರು ಪರಿಹಾರ ಹೇಳುವುದು. ನಾವಿಬ್ಬರೂ ಸರದಿಯ ಮೇಲೆ ಇದನ್ನು ಆಡುತ್ತಿದ್ದೆವು.

"ಒಂದು ಚಪ್ಪಲಿ ಕಂಪನಿ ಅದ. ಲಾಭ ಕಮ್ಮಿ ಆಗೇದ. ಯಾಕ?" ಎನ್ನುವಳು.

"ಒಂದು ನಿಮಿಷ ಯೋಚಿಸಲಾ?"

"ಯೋಚಸು. ಚಾ ಆರೂದ್ರಾಗ ಮುಗಸು."

"ಲಾಭವನ್ನು ಎರಡು ಭಾಗ ಮಾಡ್ಕೋತೀನಿ. ಒಂದು ಆದಾಯ, ಇನ್ನೊಂದು ಖರ್ಚು. ಆದಾಯ ಅಂದ್ರೆ ಬೆಲೆ ಮತ್ತು ಮಾರಾಟ. ಖರ್ಚಲ್ಲಿ..."

"ಅಲ್ಲೋ, ಚಪ್ಪಲಿ ಹರೀತಾವೇನು ಅಂತ ಹಾಕ್ಕೊಂಡವ್ರನ್ನ ಕೇಳಿದೇನು?"

"ಅಡ್ಡ ಬಾಯಿ ಹಾಕಬೇಡ. ಅವರು ಹಾಕಲ್ಲ."

"ಹಾಕಿದ್ರ?"

"ಹಾಕಲ್ಲ ಮಾರಾಯ್ತಿ. ಲಾಭವನ್ನು ಎರಡು ಭಾಗ ಮಾಡ್ಕೋತೀನಿ. ಒಂದು ಆದಾಯ..."

"ಅಯ್ಯ ಶಿವನ, ಮತ್ತ ಮೊದಲಿಂದ!"

ಚಹಾದವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ರಾಗ ತಿಳಿಯುತ್ತಿತ್ತು. "ಕಾ ಹೋ ಪಂಡಿತ್‌ಜೀ, ಇಹಾಂ ಭೀ ಕಥಾ ಬಾಂಚತ್ ಹಉಅ?" ಎನ್ನುತ್ತಿದ್ದ, ಇಲ್ಲೂ ಪುರಾಣ ಓದುತ್ತಿದ್ದೀಯೇನು ಎಂದು. ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ದುಡಿದು ಕಟ್ಟಿದ ಗೋಡೆಯನ್ನು ಒದ್ದ ಹಾಗೆ ಆಗುತ್ತಿತ್ತು. ಕೊನೆಗೆ ಅವಳ ಹತ್ತಿರ ಮಾತು ತೆಗೆದುಕೊಂಡೆ: ನಾನು ಮುಗಿಸುವ ತನಕ ಬಾಯಿ ಬಿಡಬಾರದು. ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಕೂರುತ್ತಿದ್ದಳು.

ಅವಳದು ಪೂರ್ತಿ ಉಲ್ಟಾ. ಕಷ್ಟ ಹೇಳಿ ಮುಗಿಸುವ ಮೊದಲೇ "ಮುಚ್ಚಬೇಕು" ಎನ್ನುವಳು.

"ಏನು ಮುಚ್ಚಬೇಕು?"

"ಆ ಫ್ಯಾಕ್ಟರಿ. ಮೊದಲು ಮುಚ್ಚಬೇಕು, ಆಮ್ಯಾಲೆ ಮಾತು."

"ಯಾಕೆ ಅಂತ ಹೇಳಬೇಕಲ್ಲ."

"ಹೇಳ್ತೀನಿ ತಡಿ, ಹುಡಕಾಕತ್ತೀನಿ."

ಹುಡುಕಿ ಹೇಳುತ್ತಲೂ ಇದ್ದಳು. ಬಹಳ ಸಲ ಅವಳು ಹೇಳಿದ್ದೇ ಸರಿ ಇರುತ್ತಿತ್ತು, ಆದರೆ ಹೇಗೆ ಅಲ್ಲಿಗೆ ಬಂದಳು ಎನ್ನುವುದು ಅವಳಿಗೂ ಗೊತ್ತಿರುತ್ತಿರಲಿಲ್ಲ. ನಾನು ಮೇಷ್ಟ್ರ ಹಾಗೆ ತಿದ್ದುತ್ತಿದ್ದೆ. ಕ್ರಮ ಬೇಕು, ಕ್ರಮ.

ಮೊದಲ ಸುತ್ತು ವೀಡಿಯೋದಲ್ಲಿ. ನಾನು ಮನೆಯಲ್ಲೇ, ದೇವರ ಕೋಣೆಯ ಪಕ್ಕದ ಗೋಡೆಗೆ ಬೆನ್ನು ಹಾಕಿ ಕೂತೆ. ಬೇರೆ ಗೋಡೆಗಳಲ್ಲೆಲ್ಲ ಯಜಮಾನರು ಕೊಟ್ಟ ಕ್ಯಾಲೆಂಡರುಗಳಿದ್ದವು. ತೆರೆಯಲ್ಲಿ ಬಂದವನು ನನಗಿಂತ ಹೆಚ್ಚು ದೊಡ್ಡವನಿರಲಿಲ್ಲ. ಒಳ್ಳೆಯ ಹುಡುಗ. ಸಿಮೆಂಟಿನ ಕಂಪನಿಯೊಂದರ ಕಷ್ಟ ಹೇಳಿದ. ಯೋಚಿಸಲು ಒಂದು ನಿಮಿಷ ಕೇಳಿದೆ, ಖುಷಿಯಿಂದ ಕೊಟ್ಟ. ನಾನು ಭಾಗ ಮಾಡಿದೆ, ಉಪಭಾಗ ಮಾಡಿದೆ. ಎರಡನೆಯ ಉಪಭಾಗದಲ್ಲಿದ್ದಾಗ ಕೆಳಗೆ ಸಂದಿಯಲ್ಲಿ "ರಾಮ ನಾಮ ಸತ್ಯ ಹೈ" ಎಂದು ಒಂದು ಶವಯಾತ್ರೆ ಹೊರಟಿತು. ಮಣಿಕರ್ಣಿಕೆಗೆ ನಮ್ಮ ಸಂದಿಯೂ ಒಂದು ದಾರಿ. ದೊಡ್ಡ ಮನೆತನದ ಹೆಣವಿರಬೇಕು, ಬ್ಯಾಂಡಿನವರೂ ಇದ್ದರು. ಆ ಹುಡುಗ ಹೆಡ್‌ಫೋನ್ ಸರಿಮಾಡಿಕೊಂಡು, "ನಿಮ್ಮಲ್ಲಿ ಏನಾದರೂ ಹಬ್ಬವಾ?" ಎಂದ.

"ಹೌದು" ಎಂದೆ. ಇನ್ನೇನು ಹೇಳಲಿ?

ಸದ್ದು ಇಳಿದ ಮೇಲೆ ನಾನು ಮತ್ತೆ ಮೊದಲಿಂದ ಹೇಳಿದೆ. ಲಾಭ, ಎರಡು ಭಾಗ, ಆದಾಯ, ಖರ್ಚು. ಅವನು ತಲೆದೂಗಿದ. ಅವನ ಕಣ್ಣು ಆಗಾಗ ಕೆಳಗೆ ಹೋಗಿ ಬರುತ್ತಿತ್ತು. ಎದುರಿಗೆ ಹಾಳೆಯಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತಿದ್ದಾನೆ ಎನ್ನುವುದು ಗೊತ್ತಾಗುತ್ತಿತ್ತು. ನಾನು ಕೇಳಿದ ಅಂಕಿಗಳೆಲ್ಲ ಅವನ ಹತ್ತಿರ ತಯಾರಿದ್ದವು. ಕೇಳಬೇಕು, ಕೊಡುತ್ತಾನೆ. ಗುಣಿಸಬೇಕು, ಭಾಗಿಸಬೇಕು, ಹೇಳಬೇಕು. ಅದಾದ ಮೇಲೆ ಇನ್ನೊಬ್ಬಳು ಬಂದಳು, ಇನ್ನೊಂದು ಕೇಸ್ ಕೊಟ್ಟಳು, ಅದೂ ಹಾಗೇ. ಮುಗಿದಾಗ ಅವಳು "ತುಂಬಾ ಸ್ಪಷ್ಟವಾಗಿ ಹೇಳಿದಿರಿ" ಎಂದಳು. ಈ ಮಾತು ಅವಳು ಹೇಳಿದ್ದೋ ಮೊದಲಿನವನು ಹೇಳಿದ್ದೋ, ನನ್ನ ನೆನಪಿನಲ್ಲಿ ಇಬ್ಬರ ಬಾಯಲ್ಲೂ ಇದೆ.

ನಾನು ಪಾಸಾದೆ. ಗೆಳತಿ ಫೇಲಾದಳು.

ಅವಳ ಕೇಸೂ ಕಷ್ಟದ್ದೇನಿರಲಿಲ್ಲ. ಒಂದು ಔಷಧಿ ಅಂಗಡಿಗಳ ಕಂಪನಿ ಸಣ್ಣ ಊರುಗಳಿಗೆ ಹೋಗಬೇಕೇ ಎಂದು. ಇವಳು "ಹೋಗಬಾರದು" ಎಂದು ಮೊದಲ ಉಸಿರಲ್ಲೇ ಹೇಳಿದಳಂತೆ. ಯಾಕೆಂದರೆ ಸಣ್ಣ ಊರಲ್ಲಿ ಜನ ಸಾಲಕ್ಕೆ ಔಷಧಿ ಒಯ್ಯುತ್ತಾರೆ, ಕಂಪನಿಯ ಅಂಗಡಿ ಸಾಲ ಬರೆದುಕೊಳ್ಳುವುದಿಲ್ಲ. ಎದುರಿಗಿದ್ದವನು "ಸರಿ, ಆದರೆ ನೀವು ಇದನ್ನು ಹೇಗೆ ಭಾಗ ಮಾಡಿ ನೋಡುತ್ತೀರಿ?" ಎಂದ. "ಭಾಗ ಯಾಕ ಮಾಡಬೇಕು, ಉತ್ತರ ಸಿಕ್ಕೇದಲ್ಲ?" ಎಂದಳಂತೆ. ಅವಳು ಇಂಗ್ಲಿಷಿನಲ್ಲಿ ಇದನ್ನು ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ನನಗೆ ಹೇಳುವಾಗ ಹೀಗೇ ಹೇಳಿದಳು.

"ಹೋಗ್ಲಿ ಬಿಡು, ನೀನರ ಹೋಗು" ಎಂದಳು. ಆ ಮೇಲೆ ದಿನವೂ ಬಂದು ನನ್ನ ತಯಾರಿಗೆ ಕೂತಳು. ಅದು ಸುಲಭವಲ್ಲ. ಆಗ ನನಗೆ ಅದು ಹೊಳೆಯಲಿಲ್ಲ.

ಕಂಪನಿಗೆ ಕಾಶಿಯಲ್ಲಿ ಏನೋ ಸರ್ಕಾರಿ ಕೆಲಸ ನಡೆಯುತ್ತಿತ್ತಂತೆ. ಹಾಗಾಗಿ ಹಿರಿಯ ಪಾರ್ಟ್ನರ್ ಒಬ್ಬರು ಇಲ್ಲಿಗೇ ಬರುವವರಿದ್ದರು, ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ಕೊನೆಯ ಸುತ್ತು. ಎರಡನೆಯ ಸುತ್ತು ಹೇಗಿರುತ್ತದೆ ಎಂದು ಯಾರನ್ನು ಕೇಳುವುದು? ಹಿಂದಿನ ವರ್ಷ ಇಂಥದೇ ಬೇರೆ ಕಂಪನಿಯಲ್ಲಿ ಸೇರಿದ್ದ ಸೀನಿಯರ್ ಒಬ್ಬ ಇದ್ದ. ಫೋನ್ ಮಾಡಿದೆ. "ಅರೇ ಭಾಯ್, ಅದೇ. ಸ್ವಲ್ಪ ಗಟ್ಟಿ, ಅಷ್ಟೇ" ಎಂದ. ಆ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವನು ಸುಳ್ಳು ಹೇಳಲಿಲ್ಲ. ಪಾಸಾದವರಿಗೆ ಎಲ್ಲ ಸುತ್ತೂ ಒಂದೇ ಥರ ಕಾಣುತ್ತದೆ.

ನಾವು ನಂಬಿದೆವು. ಮೊದಲ ಸುತ್ತಿಗೆ ಮಾಡಿದ್ದನ್ನೇ ಗಟ್ಟಿಯಾಗಿ ಮಾಡಿದೆವು. ದೊಡ್ಡ ಗುಣಾಕಾರ, ಹೆಚ್ಚು ಉಪಭಾಗ, ನಿಲ್ಲದ ಮಾತು. ಅವಳ ಬಾಯಿಗೆ ದುಪಟ್ಟಾ.

ಕಂಟೋನ್ಮೆಂಟಿಗೆ ಆಟೋದಲ್ಲಿ ಹೋದೆ. ಅಮ್ಮ ಇಸ್ತ್ರಿ ಮಾಡಿಸಿಟ್ಟಿದ್ದ ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಹೋಟೆಲಿನ ಕೋಣೆಯ ಕಿಟಕಿಯಾಚೆ ಈಜುಕೊಳ ಕಾಣುತ್ತಿತ್ತು ಎಂದು ಬರೆಯಲು ಹೊರಟೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ ಅನ್ನಿಸುತ್ತದೆ. ಎ.ಸಿ. ಜೋರಾಗಿತ್ತು, ಬೆನ್ನು ತಣ್ಣಗಾಯಿತು, ಅಷ್ಟು ಹೇಳಬಲ್ಲೆ. ಎದುರಿಗಿದ್ದವರು ಐವತ್ತು ದಾಟಿದ ಹೆಂಗಸು, ಹತ್ತಿ ಸೀರೆ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಮೇಜಿನ ಮೇಲೆ ಹಾಳೆಯಿಲ್ಲ, ಪೆನ್ನಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ. ಗುರುತು ಹಾಕುವುದು ಎಲ್ಲಿ?

"ಈ ಊರಿನವರೇ ಅಲ್ಲವೇ? ತಂದೆ ಏನು ಮಾಡುತ್ತಾರೆ?"

"ಮನೆತನದ ವ್ಯವಹಾರ."

"ಯಾವುದು?"

"ಸೇವಾ ಕ್ಷೇತ್ರ" ಎಂದೆ.

ಅವರು ಹೇಳಿದರು: "ನನ್ನ ಪರಿಚಯದವರೊಬ್ಬರು ಹೋಟೆಲುಗಳನ್ನು ನಡೆಸುತ್ತಾರೆ. ಈ ಊರಿಗೆ ಅಂತ್ಯಕ್ರಿಯೆಗೆ, ಶ್ರಾದ್ಧಕ್ಕೆ ಬರುವವರಿಗಾಗಿಯೇ ಒಂದು ಹೋಟೆಲ್ ಕಟ್ಟಬೇಕು ಅಂತಾರೆ. ಕಟ್ಟಲಿ ಅಂತ ಹೇಳಲಾ?"

ಇಡೀ ದೇಶದಲ್ಲಿ ಆ ಪ್ರಶ್ನೆಗೆ ನನ್ನಷ್ಟು ಹತ್ತಿರ ಹುಟ್ಟಿದ ಅಭ್ಯರ್ಥಿ ಇನ್ನೊಬ್ಬ ಇರಲಿಕ್ಕಿಲ್ಲ. ನಾನು ಹೇಳಿದ್ದು: "ಒಂದು ನಿಮಿಷ ಯೋಚಿಸಬಹುದಾ?"

"ಯಾಕೆ?" ಎಂದರು.

ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದರು. ಅಸ್ಸಿಯ ಬೆಂಚಿನ ಮೇಲೆ ಇದಕ್ಕೆ ನಾವು ಉತ್ತರ ತಯಾರು ಮಾಡಿರಲಿಲ್ಲ. ನಾನು ನೇರವಾಗಿ ಶುರು ಮಾಡಿದೆ. "ನಾಲ್ಕು ಭಾಗ ಮಾಡಿ ನೋಡುತ್ತೇನೆ. ಮೊದಲು ಮಾರುಕಟ್ಟೆ, ಆಮೇಲೆ ಪೈಪೋಟಿ, ಆಮೇಲೆ ಖರ್ಚು..."

"ನಿಮ್ಮ ಸ್ವಂತ ದುಡ್ಡಾಗಿದ್ದರೆ ಕಟ್ಟುತ್ತಿದ್ದಿರಾ?"

"ಅದಕ್ಕೆ ನಾನು ನಾಲ್ಕು ಭಾಗ ಮಾಡಿ ನೋಡುತ್ತೇನೆ. ಮೊದಲು ಮಾರುಕಟ್ಟೆ..."

"ಬಂದವರು ಹೋಟೆಲಲ್ಲಿ ಊಟ ಮಾಡುತ್ತಾರಾ?"

ಮಾಡುವುದಿಲ್ಲ. ಕರ್ಮ ಮುಗಿಯುವ ತನಕ ಏನೂ ತಿನ್ನುವುದಿಲ್ಲ, ಮುಗಿದ ಮೇಲೆ ನಮ್ಮಂಥವರ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುತ್ತಾರೆ. ಈರುಳ್ಳಿಯ ವಾಸನೆ ಬಂದರೆ ಎದ್ದು ಹೋಗುತ್ತಾರೆ. ಹಾಸಿಗೆ ಕೇಳುವುದಿಲ್ಲ, ಚಾಪೆ ಕೇಳುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಒದ್ದೆ ಪಂಚೆ ಒಣಗಿಸಲು ಜಾಗ, ಅದಕ್ಕೇ ನಮ್ಮ ಮಾಳಿಗೆ ವರ್ಷವಿಡೀ ಅಪರಿಚಿತರ ಪಂಚೆಗಳಿಂದ ತುಂಬಿರುತ್ತದೆ. ಮುದುಕರಿಗೆ ಕೂರುವಂಥ ಕಕ್ಕಸು ಬೇಕು. ಇದೆಲ್ಲ ನನ್ನ ನಾಲಿಗೆಯ ಹಿಂದೆ ಇತ್ತು. ಅದು ಉತ್ತರ ಎಂದು ನನಗೆ ಅನ್ನಿಸಲಿಲ್ಲ. ಅದು ನಮ್ಮ ಮನೆ. ಉತ್ತರ ಎಂದರೆ ನಾಲ್ಕು ಭಾಗ.

"ಅದರ ಬಗ್ಗೆ ಏನಾದರೂ ಅಂಕಿ ಅಂಶ ಇದೆಯಾ?" ಎಂದು ಕೇಳಿದೆ.

"ನನ್ನ ಹತ್ತಿರ ಇಲ್ಲ. ನಿಮ್ಮ ಹತ್ತಿರ?"

"ಸರಿ, ಹಾಗಾದರೆ ನಾನು ನಾಲ್ಕು ಭಾಗ..." ಎಂದೆ.

ಅವರು ಕನ್ನಡಕವನ್ನು ತಲೆಯಿಂದ ಕೆಳಗಿಳಿಸಿದರು. ಗೆಳತಿಗೆ ಹೇಳುವಾಗ, ಅವರು ಆಗ ನಕ್ಕರು ಎಂದಿದ್ದೆ. ನಗಲಿಲ್ಲ. ನಕ್ಕಿದ್ದರೆ ನನಗೆ ಅವರನ್ನು ಬೈಯಲು ಅನುಕೂಲವಾಗುತ್ತಿತ್ತು.

ಆಮೇಲೆ ಅವರೇ ಒಂದು ದಾರಿ ತೋರಿಸಿದರು. "ನನಗೆ ಅನ್ನಿಸುತ್ತದೆ, ಕಟ್ಟಬೇಕು" ಎಂದರು. ನಾನು "ಹೌದು, ಕಟ್ಟಬಹುದು" ಎಂದೆ. "ಆದರೆ ಜನ ಬರಲಿಕ್ಕಿಲ್ಲ, ಅಲ್ಲವೇ?" ಎಂದರು. "ಹೌದು, ಅದೂ ನಿಜ" ಎಂದೆ. ಹಿರಿಯರ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡುವ ರೂಢಿಯಿಲ್ಲ, ಅದರಲ್ಲೂ ದೂರದಿಂದ ಬಂದವರಿಗೆ, ಕೇಳಲು ಬಂದವರಿಗೆ. ಯಜಮಾನರು ಏನಂದರೂ ಅಪ್ಪ "ಹಾಗೇ ಆಗಲಿ" ಎಂದೇ ಶುರು ಮಾಡುತ್ತಾರೆ. ಆ ಹೆಂಗಸು ಕೊನೆಗೆ ಹೇಳಿದರು, "ನೋಡಿ, ನಾಳೆ ನೀವು ನನ್ನ ಜೊತೆ ಆ ಹೋಟೆಲಿನವರ ಮುಂದೆ ಕೂತಿರುತ್ತೀರಿ. ಅವರು ನಿಮ್ಮ ಕಡೆ ತಿರುಗಿ ಕೇಳುತ್ತಾರೆ. ಆಗ?" ನಾನು ಏನು ಹೇಳಿದೆನೋ ನೆನಪಿಲ್ಲ. ನೆನಪಿಲ್ಲ ಎಂದರೆ ಏನೂ ಹೇಳಲಿಲ್ಲ ಎಂದೇ ಇರಬೇಕು.

ಹೊರಗೆ ಬಂದಾಗ ಚೆನ್ನಾಗಿ ಆಯಿತು ಅನ್ನಿಸಿತು. ಇದು ನಿಜ. ಅಷ್ಟು ತಡೆದರೂ ನಾನು ಕ್ರಮ ಬಿಡಲಿಲ್ಲವಲ್ಲ ಎಂದು ಆಟೋದಲ್ಲಿ ಹೆಮ್ಮೆಪಟ್ಟುಕೊಂಡೆ.

ಫೋನ್ ಬಂದಾಗ ನಾನು ಅಸ್ಸಿಯಲ್ಲಿದ್ದೆ, ಗೆಳತಿ ಪಕ್ಕದಲ್ಲಿದ್ದಳು. ಕಂಪನಿಯ ಕಚೇರಿಯ ಹುಡುಗಿ, ವಿನಯವಾಗಿ ಮಾತಾಡಿದಳು. ಈ ಸಲ ಆಗಲಿಲ್ಲ.

"ಕಾರಣ ಹೇಳಬಹುದಾ?"

"ಮೊದಲ ಸುತ್ತಿನವರು ನಿಮ್ಮನ್ನು ಬಹಳ ಮೆಚ್ಚಿದ್ದರು. ಕೊನೆಯ ಸುತ್ತಿನಲ್ಲೂ ನೀವು ಅದೇ ಥರ ಇದ್ದಿರಿ ಅಂತ ಇದೆ."

"ಅದೇ ಥರ ಇದ್ದದ್ದು ತಪ್ಪಾ?"

"ಇಲ್ಲಿ ಅಷ್ಟೇ ಬರೆದಿದೆ." ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು, ಆದರೆ ಎಲ್ಲ ಸುತ್ತನ್ನೂ ಮತ್ತೆ ಮಾಡಬೇಕು ಎಂದಳು. ಶುಭ ಹಾರೈಸಿದಳು.

ಅದೇ ಥರ! ನನಗೆ ಇವತ್ತಿಗೂ ಆ ಮಾತಿಗೆ ಸಿಟ್ಟು ಬರುತ್ತದೆ. ಮೊದಲ ಸುತ್ತಿನಲ್ಲಿ ಹಾಳೆಯಿಟ್ಟುಕೊಂಡ ಹುಡುಗರು ಕ್ರಮ ಇದೆಯೇ, ಲೆಕ್ಕ ಬರುತ್ತದೆಯೇ, ಹೇಳಿದ ದಾರಿಯಲ್ಲಿ ನಡೆಯುತ್ತಾನೆಯೇ ಎಂದು ಜರಡಿ ಹಿಡಿಯುತ್ತಾರೆ. ಹಾಗೆ ನಡೆಯದವರೆಲ್ಲ ಉದುರಿಹೋಗುತ್ತಾರೆ. ಉಳಿದವರನ್ನು ದೊಡ್ಡವರ ಕೋಣೆಗೆ ಕಳಿಸುತ್ತಾರೆ. ಅಲ್ಲಿ ದೊಡ್ಡವರು ಹಾಳೆಯಿಲ್ಲದೆ ಕೂತು, ಇವನಿಗೆ ಸ್ವಂತದ್ದೇನಾದರೂ ಇದೆಯೇ, ನನ್ನ ಜೊತೆ ಜಗಳವಾಡುತ್ತಾನೆಯೇ, ಇವನನ್ನು ನಾಲ್ಕು ಜನರ ಮುಂದೆ ಕೂರಿಸಬಹುದೇ ಎಂದು ನೋಡುತ್ತಾರೆ. ಮೊದಲನೆಯದರಲ್ಲಿ ದಾರಿ ನೋಡುತ್ತಾರೆ, ಎರಡನೆಯದರಲ್ಲಿ ನಡೆಯುವವನನ್ನು. ಎರಡೂ ಬೇಕು ಎನ್ನುವುದಾದರೆ ಹೇಳಬೇಕಿತ್ತು. ಯಾವ ಬಾಗಿಲಲ್ಲೂ ಬರೆದಿರಲಿಲ್ಲ.

ಇದನ್ನೆಲ್ಲ ಗೆಳತಿಯ ಮುಂದೆ ಕೂಗಿದೆ. ಇಷ್ಟು ಚೊಕ್ಕವಾಗಿ ಕೂಗಿರಲಿಕ್ಕಿಲ್ಲ. ಅವಳು ಕೇಳುತ್ತ ಕೂತಳು, ಬಾಯಿಗೆ ದುಪಟ್ಟಾ ಹಿಡಿಯದೆ.

"ಏನು ಕೇಸ್ ಕೊಟ್ಟಿದ್ರು?" ಎಂದಳು. ಹೇಳಿದೆ.

"ಬ್ಯಾಡ" ಎಂದಳು ತಕ್ಷಣ.

"ಏನು ಬೇಡ?"

"ಕಟ್ಟೂದು ಬ್ಯಾಡ. ಸಾವಿನ ಮನಿಯವ್ರ ಹೋಟೆಲ್ ಅಂತ ಬೋರ್ಡ್ ಹಾಕಿದ್ರ ಯಾರರ ಒಳಗ ಕಾಲಿಡ್ತಾರೇನೋ? ನಮ್ಮವ್ವ ಅಂತೂ ಇಡೂದಿಲ್ಲ."

"ಅದು ಸರಿಯೋ ತಪ್ಪೋ ಗೊತ್ತಿಲ್ಲ."

"ಗೊತ್ತಿಲ್ಲ ಖರೆ. ಆದ್ರ ನಾ ಅಂದ್ನಲ್ಲ." ಆಮೇಲೆ ಚಹಾದ ಲೋಟ ಕೆಳಗಿಟ್ಟು, "ಮೊದಲನೇದಕ್ಕ ನೀ ಹೋಗಬೇಕಿತ್ತು, ಎರಡನೇದಕ್ಕ ನಾ. ಇಬ್ರೂ ಕೂಡಿ ಒಬ್ಬ ಮನಶ್ಯಾ ಆಗ್ತಿದ್ವಿ. ಸೂಟು ಮಾತ್ರ ಒಂದ ಹೊಲಿಸಬೇಕಾಗ್ತಿತ್ತು" ಎಂದಳು.

ನಗು ಬಂತು. ಬಂದ ಮೇಲೆ ಇನ್ನಷ್ಟು ಸಿಟ್ಟು ಬಂತು. ಯಾಕೆಂದರೆ ಅವಳು ಹೇಳಿದ್ದು ನಿಜ, ಮತ್ತು ಅವಳನ್ನು ಆ ಕೋಣೆಯ ಬಾಗಿಲ ತನಕವೂ ಯಾರೂ ಬಿಟ್ಟಿರಲಿಲ್ಲ. ನನಗೆ ಸಿಕ್ಕ ಪ್ರಶ್ನೆ ಅವಳದಾಗಿತ್ತು. ಅವಳ ಬಾಯಿ ಮುಚ್ಚಿಸಿ ನಾನು ಅಲ್ಲಿಗೆ ಹೋಗಿದ್ದೆ.

ಮನೆಗೆ ನಡೆದೇ ಹೋದೆ. ಘಾಟಿನ ಉದ್ದಕ್ಕೂ, ಮೆಟ್ಟಿಲು ಇಳಿದು ಹತ್ತಿ. ಪಿತೃಪಕ್ಷಕ್ಕೆ ಇನ್ನು ಸ್ವಲ್ಪವೇ ದಿನ. ಮಳೆಗಾಲದ ನೆರೆ ಮೆಟ್ಟಿಲ ಮೇಲೆ ಬಿಟ್ಟುಹೋದ ಮಣ್ಣು ತೊಳೆಯಲು ಪಂಪು ಹಚ್ಚಿದ್ದರು. ಅಪ್ಪನಿಗೆ ಹೇಗೆ ಹೇಳಬೇಕು ಎಂದು ಯೋಚಿಸುತ್ತಿದ್ದೆ. ಹೇಳುವುದಕ್ಕೂ ಮೂರು ಭಾಗ ಮಾಡಿಕೊಂಡಿದ್ದೆ ಎಂದರೆ ನೀವು ನಂಬುವುದಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗಲೇ ಅಪ್ಪನ ದನಿ ಕೇಳಿತು. ದನಿ ಎಂದರೆ ಗಾಳಿಯಂಥ ಗೊರಗೊರ. ಫೋನಿನಲ್ಲಿದ್ದರು. "ಇಲ್ಲ ಇಲ್ಲ, ಈ ಸಲ ನನ್ನ ಮಗನೇ ಮಾಡಿಸ್ತಾನೆ. ಅವನದು ಒಳ್ಳೆ ಉಚ್ಚಾರ" ಎನ್ನುತ್ತಿದ್ದರು.

ಒಳಗೆ ಹೋಗಿ ನಿಂತೆ. ಅವರು ಫೋನಿಗೆ ಕೈ ಅಡ್ಡ ಹಿಡಿದರು.

"ನಾನಿನ್ನೂ ಹೇಳೇ ಇಲ್ಲವಲ್ಲ ಅಪ್ಪ" ಎಂದೆ.

"ಸಿಕ್ಕಿದ್ದಿದ್ರೆ ನೀನು ಮೆಟ್ಟಿಲು ಹತ್ತೋ ಸದ್ದೇ ಬೇರೆ ಇರ್ತಿತ್ತು."

"ಅದಕ್ಕೂ ಮುಂಚೆನೇ ಹೇಳ್ತಿದ್ರಿ. ಎಷ್ಟು ಜನಕ್ಕೆ ಹೇಳಿದೀರಿ?"

ಅವರ ಮುಖದಲ್ಲಿ ದುಃಖ ಇರಲಿ ಎಂದು ಹುಡುಕಿದೆ. ಪ್ರಯತ್ನಪಡುತ್ತಿದ್ದರು, ಪಾಪ. ಹುಬ್ಬು ಕೆಳಗೆ ಎಳೆದುಕೊಂಡಿದ್ದರು. ಆದರೆ ತಿಂಗಳುಗಳಿಂದ ಬಿಗಿದಿದ್ದ ಭುಜ ಇಳಿದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ "ಕೈಕಾಲು ತೊಳ್ಕೊಂಡು ಬಾ, ಮೊದ್ಲು ಊಟ ಮಾಡು" ಎಂದಳು. ಅವಳಿಗೆ ಮಾತ್ರ ಬೇಜಾರಾಗಿತ್ತು. ಅದನ್ನು ಅವಳು ತೋರಿಸಲಿಲ್ಲ.

ಅಪ್ಪ ಫೋನನ್ನು ನನ್ನ ಕೈಗೆ ತುರುಕಿದರು. "ಮಾತಾಡು. ಶಿವಮೊಗ್ಗದವರು. ನನಗೆ ಗಂಟಲು ಆಗ್ತಿಲ್ಲ."

ಆ ಕಡೆ ಗಂಭೀರ ದನಿಯ ಗಂಡಸು. ತಂದೆಯ ಶ್ರಾದ್ಧಕ್ಕೆ ಬರುತ್ತಿದ್ದರು. ದಿನ, ರೈಲು ಹೇಳಿದ ಮೇಲೆ, "ನೋಡಿ, ಅಮ್ಮ ತಾನೂ ಬರ್ತೀನಿ ಅಂತ ಹಟ ಮಾಡ್ತಿದಾರೆ. ಎಂಬತ್ತು ದಾಟಿದೆ. ನಡೆಯೋಕೆ ಆಗಲ್ಲ. ಕರ್ಕೊಂಡು ಬರಬಹುದಾ?" ಎಂದರು.

"ಬೇಡ" ಎಂದೆ.

ಅಪ್ಪ ತಲೆ ಎತ್ತಿದರು.

"ಈ ಗದ್ದಲದಲ್ಲಿ ಕರ್ಕೊಂಡು ಬರಬೇಡಿ. ಮೆಟ್ಟಿಲು ಇಳಿಸೋದೇ ಕಷ್ಟ. ಬಿಸಿಲಲ್ಲಿ ಬಹಳ ಹೊತ್ತು ಕೂರಬೇಕಾಗತ್ತೆ. ಮಾಘದಲ್ಲಿ ಬನ್ನಿ, ಆರಾಮಾಗಿ ಮಾಡಿಸ್ತೀನಿ."

ಅವರು ಸ್ವಲ್ಪ ತಣ್ಣಗೆ, "ನಿಮ್ಮ ತಂದೆಯವರಿಗೆ ಕೊಡಿ" ಎಂದರು.

ಕೊಡುವ ಮೊದಲೇ ಅಪ್ಪ ಕಿತ್ತುಕೊಂಡರು. ನನ್ನ ಕಡೆ ನೋಡಿದ ನೋಟದಲ್ಲಿ, ನೀನು ಎಂಥ ಮನೆಯಲ್ಲಿ ಹುಟ್ಟಿದೆ ಎನ್ನುವ ಪ್ರಶ್ನೆಯಿತ್ತು. ಯಜಮಾನರಿಗೆ ಬೇಡ ಎನ್ನುವುದೇ? ಡಾಕ್ಟರು ಬೇಡವೆಂದಿದ್ದ ದನಿಯನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದರು: "ಹಾಗೇ ಆಗಲಿ, ಕರ್ಕೊಂಡು ಬನ್ನಿ. ತಾಯಿ ಬರ್ತೀನಿ ಅಂದ್ರೆ ಬರಲಿ. ಎಲ್ಲ ವ್ಯವಸ್ಥೆ ಆಗತ್ತೆ. ನನ್ನ ಮಗ ಇದಾನೆ."

ಫೋನ್ ಇಟ್ಟ ಮೇಲೆ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ನಾನು ನೀರು ಕೊಡಲಿಲ್ಲ, ಅಮ್ಮ ಕೊಟ್ಟಳು.

"ಆ ಮುದುಕಿಯನ್ನ ಹೇಗೆ ಇಳಿಸ್ತೀರಿ?" ಎಂದೆ.

ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಕೈಯಿಂದ ನನ್ನನ್ನು ತೋರಿಸಿದರು.

ನಾನು ಊಟಕ್ಕೆ ಕೂರಲಿಲ್ಲ. ಸಿಟ್ಟಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಕೆಳಗಿಳಿದೆ. ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ಘಾಟಿಗೆ ಹೊತ್ತು ಇಳಿಸುವವರು ಪಿತೃಪಕ್ಷದಲ್ಲಿ ಸಿಗುವುದು ಕಷ್ಟ. ಈಗಲೇ ಹೋಗಿ ಹೇಳಿಡಬೇಕಿತ್ತು.